ಲೈನ್ ಮನೆಯವರ ಜೊತೆ ಠಾಣೆಗೆ ಹೋಗುವುದು ಹೇಗೆ

ಕಾಫಿ ಕುಯ್ಲು ಶುರುವಾಯ್ತು ಅಂದರೆ ಕೊಡಗಿನ ಸಿದ್ದಾಪುರ, ಗೋಣಿಕೊಪ್ಪ ಕಡೆ ತೋಟದ ಲೈನ್ ಮನೆಗಳಿಗೆ, ಅಂದರೆ ಕೆಲಸಗಾರರ ಸಾಲು ಮನೆಗಳಿಗೆ, ಅಸ್ಸಾಮಿನ ಕೆಲಸಗಾರರೂ ಬರುತ್ತಾರೆ. ಫೋನ್ ಕಳುವಾಗಲಿ, ಯಾರೋ ಹೊಡೆಯಲಿ, ಠಾಣೆ ಕಡೆ ಮಾತ್ರ ತಲೆ ಹಾಕುವುದಿಲ್ಲ. ದೂರು ಕೊಡಲು ಹೋದರೆ ನನ್ನದೇ ಆಧಾರ್ ಕೇಳಿ ಕೂರಿಸುತ್ತಾರೆ ಅನ್ನೋ ಹೆದರಿಕೆ.

ಇದು ಬರೀ ನಮ್ಮೂರಿನ ಕಥೆಯಲ್ಲ. ಅಮೆರಿಕದ ಅರಿಜೋನಾದಲ್ಲಿ ಪೊಲೀಸರೇ ವಲಸೆಯ ಕಾಗದ ಕೇಳುವಂತೆ 2010ರಲ್ಲಿ ಕಾನೂನು ಮಾಡಿದರು. ಅಲ್ಲಿನ ಮಾರಿಕೋಪ ಕೌಂಟಿಯ ಶೆರಿಫ್ ಕಚೇರಿ, ಅಂದರೆ ಜಿಲ್ಲಾ ಪೊಲೀಸರು, ಲ್ಯಾಟಿನೋಗಳನ್ನು (ಲ್ಯಾಟಿನ್ ಅಮೆರಿಕ ಮೂಲದವರನ್ನು) ಜನಾಂಗ ನೋಡಿ ತಡೆಯುತ್ತಿತ್ತು ಅಂತ 2013ರಲ್ಲಿ ಕೋರ್ಟೇ ಹೇಳಿತು. ಆಮೇಲೆ ಮನೆಗೆ ಕಳ್ಳ ನುಗ್ಗಿದರೂ ಪೊಲೀಸರನ್ನು ಕರೆಯಲು ಮನಸ್ಸು ಬರುತ್ತಾ ಹೇಳಿ?

ಹಾಗಾಗಿ ನೀವು ಜೊತೆಗೆ ಹೋಗಿ. ಆದರೆ ಮಾತು ಅವರದ್ದೇ ಇರಲಿ. ತೋಟದ ಮಾಲೀಕರೋ ತೋಟದ ಲೆಕ್ಕ ಬರೆಯುವ ರೈಟರೋ ಮುಂದೆ ಕೂತು ಎಲ್ಲಾ ತಾವೇ ಹೇಳಿದರೆ, ಪಾಪ, ಅವರು ಬಾಗಿಲ ಹತ್ತಿರ ಕೈ ಕಟ್ಟಿಕೊಂಡು ನಿಂತೇ ವಾಪಸ್ ಬರುತ್ತಾರೆ. ಕನ್ನಡ ಬರದಿದ್ದರೆ ಹಿಂದಿ ಬರುವ ಒಬ್ಬರನ್ನು ಕರೆದುಕೊಂಡು ಹೋಗಿ, ಸಾಕು.

ಸಂಬಳ ಕೊಟ್ಟಿಲ್ಲ ಅನ್ನೋದಷ್ಟೇ ತಕರಾರಾದರೆ ಮೊದಲು ಕಾರ್ಮಿಕ ಇಲಾಖೆಗೆ ಹೋಗಿ. ಹೊಡೆದಿದ್ದರೆ, ಕದ್ದಿದ್ದರೆ, ಕೂಡಿ ಹಾಕಿದ್ದರೆ ಠಾಣೆಯೇ ಸರಿ.

ದೂರನ್ನು ಎರಡು ಪ್ರತಿ ಬರೆಯಿರಿ. ಯಾವತ್ತು, ಎಷ್ಟು ಹೊತ್ತಿಗೆ, ಎಲ್ಲಿ, ಯಾರ ಮುಂದೆ, ಅಷ್ಟೇ. ನಿಮ್ಮ ಪ್ರತಿಯ ಮೇಲೆ ಠಾಣೆಯ ಸೀಲು, ತಾರೀಖು, ಸಹಿ ಹಾಕಿಸಿಕೊಳ್ಳದೆ ಅಲ್ಲಿಂದ ಎದ್ದು ಬರಬೇಡಿ, 'ಆಯ್ತು, ನೋಡ್ತೀವಿ ಹೋಗಿ' ಅಂತ ಎಷ್ಟೇ ಪ್ರೀತಿಯಿಂದ ಹೇಳಿದರೂ ಸರಿ. ಬಾಯಲ್ಲಿ ಹೇಳಿದ ದೂರನ್ನು ಬರೆದುಕೊಂಡರೆ ಅದನ್ನು ಓದಿ ಹೇಳಲೇಬೇಕು. ಎಫ್‌ಐಆರ್ ಆದರೆ ದೂರುದಾರರಿಗೆ ಒಂದು ಪ್ರತಿ ಪುಕ್ಕಟೆ. 'ಇದು ನಮ್ಮ ಠಾಣೆಗೆ ಬರಲ್ಲ' ಅಂದರೆ ಝೀರೋ ಎಫ್‌ಐಆರ್ ಕೇಳಿ, ಅಂದರೆ ಘಟನೆ ಎಲ್ಲೇ ನಡೆದಿರಲಿ ಯಾವ ಠಾಣೆಯಲ್ಲಾದರೂ ದಾಖಲಿಸುವ ಎಫ್‌ಐಆರ್. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 173ನೇ ಕಲಂನಲ್ಲೇ ಇದೆಲ್ಲ ಇದೆ, ಫೋನಲ್ಲಿ ತೆಗೆದಿಟ್ಟುಕೊಳ್ಳಿ. ಜಗಳ ಮಾಡಬೇಡಿ, ಸುಮ್ನೆ ತೋರಿಸಿ.

ಆದರೂ ತಗೊಳ್ಳಲಿಲ್ವಾ? ಅದೇ ದೂರನ್ನು ಮಡಿಕೇರಿಯ ಎಸ್ಪಿ ಆಫೀಸಿಗೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟು. ವಕೀಲರಿಗೆ ದುಡ್ಡೆಲ್ಲಿಂದ ಅನ್ನೋ ಚಿಂತೆ ಬೇಡ. ಹೆಂಗಸರಿಗೆ, ಯರವರು, ಜೇನುಕುರುಬರಂಥ ಪರಿಶಿಷ್ಟ ಪಂಗಡದವರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಅವರ ಸಹಾಯವಾಣಿ 15100. ಈಗಲೇ ಯಾರೋ ಹೊಡೆಯುತ್ತಿದ್ದರೆ ಮಾತ್ರ ಇದ್ಯಾವುದೂ ಬೇಡ, 112 ಒತ್ತಿ.