ಬಚ್ಚಲು ನಾರಿದರೆ ಮೊದಲು ಒಂದು ಬಕೆಟ್ ನೀರು
ಊರಿಗೆ ಹೋಗಿ ಹದಿನೈದು ದಿನ ಬಿಟ್ಟು ಬಂದಾಗ ಬಚ್ಚಲು ಗಬ್ಬು ನಾರುತ್ತದೆ, ಅಲ್ವಾ? ಸುಮ್ನೆ ಒಂದು ಬಕೆಟ್ ನೀರು ಹುಯ್ಯಿರಿ. ಜಾಲರಿ ಕೆಳಗಿನ ಟ್ರ್ಯಾಪಿನಲ್ಲಿ ನಿಂತ ನೀರೇ ಚರಂಡಿ ಗಾಳಿಯನ್ನು ತಡೆಯುವುದು. ಅದು ಒಣಗಿದರೆ ವಾಸನೆ ನೇರ ಒಳಗೆ.

ಸಿಂಕ್ ಕಟ್ಟಿಕೊಂಡಿದ್ದರೆ ಕೆಳಗೆ ಬಕೆಟ್ ಇಟ್ಟು, ಬಾಟಲ್ ಟ್ರ್ಯಾಪನ್ನು (ಸಿಂಕಿನ ಅಡಿ ಪೈಪಿಗೆ ಸೇರಿದ, ನೀರು ನಿಲ್ಲುವ ಬಾಟಲಿಯಂಥ ಭಾಗ) ಕೈಯಲ್ಲೇ ತಿರುಗಿಸಿ ಬಿಚ್ಚಿ. ನಮ್ಮನೆಯದರಲ್ಲಿ ಸಿಕ್ಕಿದ್ದು ಅನ್ನದ ಅಗುಳು, ಕರಿಬೇವು, ಮೇಣದಂತೆ ಗಟ್ಟಿಯಾದ ಎಣ್ಣೆಜಿಡ್ಡು, ಮೂರು ಹುಣಸೆಬೀಜ! ತಿರುಗಿ ಹಾಕುವಾಗ ವಾಷರ್ ಮರೀಬೇಡಿ. ಮೊದಲೇ ಡ್ರೇನ್ ಪೌಡರ್ (ಕಟ್ಟಿದ ಪೈಪ್ ಬಿಡಿಸುವ ಪುಡಿ) ಸುರಿದಿದ್ದರೆ ಮಾತ್ರ ಬಿಚ್ಚಬೇಡಿ, ಆ ನೀರು ಕೈ ಸುಡುತ್ತದೆ. ಪ್ಲಂಬರ್ ಬಂದರೆ ಅವರಿಗೂ ಮುಂಚೆಯೇ ಹೇಳಿ.

ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಒಟ್ಟಿಗೆ ಬೇಡವೇ ಬೇಡ. ಕ್ಲೋರಿನ್ ಅನಿಲ ಏಳುತ್ತದೆ. ಚಿಕ್ಕ ಬಚ್ಚಲಲ್ಲಿ ಉಸಿರು ಕಟ್ಟಲು ಜಾಸ್ತಿ ಹೊತ್ತು ಬೇಕಾಗಿಲ್ಲ.