ಅಜ್ಜನ ರಿವಾಲ್ವರಿನ ಗುರುತು ಹಿಡಿದು ಬಿಡಿಭಾಗ ಹೊಂದಿಸಿದ ಬಗೆ

ಪಿತ್ರಾರ್ಜಿತವಾಗಿ ಬಂದ ಹಳೆಯ ರಿವಾಲ್ವರಿಗೆ ಬಿಡಿಭಾಗ ಹುಡುಕಲು ಹೊರಡುವವರು ಮೊದಲು ಅದು ಎಲ್ಲಿ ತಯಾರಾದದ್ದು, ಯಾವ ಕಾಲದ್ದು, ಅದರ ನಳಿಗೆಯ ಒಳವ್ಯಾಸದ ಅಳತೆ ಎಷ್ಟು ಎಂಬುದನ್ನು ನಿಶ್ಚಯ ಮಾಡಿಕೊಳ್ಳಬೇಕು. ಈ ಗುರುತು ಸಿಗದೆ ಕೊಂಡ ಭಾಗ ಹೊಂದುವುದಿಲ್ಲ ಎಂಬುದು ಒಂದು ಕಾರಣ. ಆ ಆಯುಧವನ್ನು ವಾರಸುದಾರರು ಇಟ್ಟುಕೊಳ್ಳಬಹುದೇ, ಇಟ್ಟುಕೊಳ್ಳುವುದಾದರೆ ಯಾರ ಅನುಮತಿ ಬೇಕು ಎಂಬುದು ನಮ್ಮ ದೇಶದಲ್ಲಿ ನಳಿಗೆಯ ಅಳತೆಯ ಮೇಲೆ ನಿಂತಿದೆ ಎಂಬುದು ಅದಕ್ಕಿಂತ ದೊಡ್ಡ ಕಾರಣ. ಅಜ್ಜ ಕೊಂಡು, ತಂದೆಯವರು ಕಾಪಾಡಿಕೊಂಡು ಬಂದ ಐದು ಗುಂಡಿನ ಚಿಕ್ಕ ರಿವಾಲ್ವರಿನ ವಿಷಯದಲ್ಲಿ ನಾನು ಹಿಡಿದ ದಾರಿಯನ್ನು ಇಲ್ಲಿ ಬರೆದಿದ್ದೇನೆ.

ತಂದೆಯವರು ತೀರಿಕೊಂಡ ಮೇಲೆ ಅವರ ಹೆಸರಿನ ಪರವಾನಗಿಯ ಆಧಾರದಲ್ಲಿ ಅದನ್ನು ಮನೆಯಲ್ಲಿಡುವಂತಿರಲಿಲ್ಲ. ಇಂಥ ಆಯುಧವನ್ನು ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲಾಗಲಿ, ಪರವಾನಗಿ ಹೊಂದಿದ ಬಂದೂಕು ವ್ಯಾಪಾರಿಯ ಬಳಿಯಲ್ಲಾಗಲಿ ಠೇವಣಿ ಇಡಬೇಕೆಂದು 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ. ನಾನು ಠಾಣೆಗೆ ತಿಳಿಸಿ, ವ್ಯಾಪಾರಿಯ ಬಳಿ ಇಟ್ಟು ರಸೀದಿ ಪಡೆದೆ. ಮುಂದೆ ಹೇಳುವ ಪರಿಶೀಲನೆಯೆಲ್ಲ ಅವರ ಅಂಗಡಿಯಲ್ಲಿ, ಗುಂಡಿಲ್ಲವೆಂದು ಅವರು ಖಚಿತಪಡಿಸಿಕೊಂಡ ಮೇಲೆ, ಅವರ ಎದುರಿಗೇ ನಡೆಯಿತು. ನಮ್ಮ ದೊಡ್ಡಪ್ಪ, "ಅಜ್ಜಾರ ಕಾಲದ್ದು, ಸ್ಪ್ರಿಂಗ್ ಬೇರೆ ಮುರಿದೈತಿ, ಅದಕ್ಕೆ ಯಾಕಪ್ಪಾ ಲೈಸೆನ್ಸು?" ಎಂದು ಕೇಳಿದ್ದರು. ಈ ನಂಬಿಕೆ ಬಹಳ ಮನೆಗಳಲ್ಲಿದೆ. 45ನೇ ಸೆಕ್ಷನ್ ವಿನಾಯಿತಿ ಕೊಡುವುದು ನಿಜ. ಆದರೆ ದುರಸ್ತಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಬಳಸಲು ಸಾಧ್ಯವೇ ಇಲ್ಲದ ಆಯುಧಕ್ಕೆ ಮಾತ್ರ. ಒಂದು ಸ್ಪ್ರಿಂಗ್ ಹಾಕಿದರೆ ಗುಂಡು ಹಾರಿಸಬಲ್ಲ ರಿವಾಲ್ವರ್ ಎಷ್ಟೇ ಹಳೆಯದಾದರೂ ಆ ವಿನಾಯಿತಿಯೊಳಗೆ ಬರುವುದಿಲ್ಲ.

ಹಳೆಯ ಪರವಾನಗಿ ಪುಸ್ತಕ ಗುರುತಿಗೆ ಮೊದಲ ಆಧಾರ. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ಅದಕ್ಕೂ ಹಿಂದೆ ನಾವು ಚಿತ್ರದುರ್ಗ ಜಿಲ್ಲೆಯವರು. ಆದ್ದರಿಂದ ಈಚಿನ ನವೀಕರಣಗಳ ಮೇಲೆ ದಾವಣಗೆರೆಯ ಮೊಹರು, ಮೂಲ ದಾಖಲೆಯ ಮೇಲೆ ಚಿತ್ರದುರ್ಗದ ಜಿಲ್ಲಾಧಿಕಾರಿಗಳ ಕಚೇರಿಯ ಮೊಹರು ಇದ್ದವು. ನಮ್ಮ ಭಾಗದ ಹಳೆಯ ಪರವಾನಗಿದಾರರ ಮಕ್ಕಳು ದಾವಣಗೆರೆಯಲ್ಲಿ ಕಡತ ಸಿಗಲಿಲ್ಲವೆಂದು ಸುಮ್ಮನಾಗದೆ ಚಿತ್ರದುರ್ಗದಲ್ಲೂ ವಿಚಾರಿಸಬೇಕು. ಪುಸ್ತಕದಲ್ಲಿ ‘ವೆಬ್ಲಿ ರಿವಾಲ್ವರ್’ ಎಂದು ಬರೆದಿತ್ತು, ಅಂದರೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ವೆಬ್ಲಿ ಕಂಪನಿಯದು; ಇಂಚಿನ ಸಾವಿರ ಭಾಗಗಳಲ್ಲಿ ಬರೆದ ಅಳತೆಯ ಅಂಕಿಯನ್ನು ಮಾತ್ರ 320 ಎಂದೂ 380 ಎಂದೂ ಓದಬಹುದಿತ್ತು. ಸೇನೆಯ .380 ಮತ್ತು .455 ತೋಟಾಗಳನ್ನು ಹಾರಿಸಬಲ್ಲ ರಿವಾಲ್ವರುಗಳು ನಿಷೇಧಿತ ವರ್ಗಕ್ಕೆ ಸೇರುತ್ತವೆ. ಅವುಗಳ ಪರವಾನಗಿ ಜಿಲ್ಲಾಧಿಕಾರಿಗಳ ಕೈಯಲ್ಲಿಲ್ಲ, ಕೇಂದ್ರ ಗೃಹ ಸಚಿವಾಲಯದ ಮಟ್ಟದ್ದು. ಆ ಒಂದು ಅಂಕಿಯ ಮೇಲೆ ಎಲ್ಲವೂ ನಿಂತಿತ್ತು.

ಗುರುತುಗಳನ್ನು ಓದಲು ಲೋಹ ಕಾಣಬೇಕು. ಪ್ರತಿ ವರ್ಷದ ಆಯುಧಪೂಜೆಯಲ್ಲಿ ಹಚ್ಚಿದ ಅರಿಸಿನ, ಕುಂಕುಮ, ವಿಭೂತಿಗಳು ಹಳೆಯ ಎಣ್ಣೆಯೊಂದಿಗೆ ಸೇರಿ ಸಿಲಿಂಡರಿನ ಸಂದುಗಳಲ್ಲಿ ಗಟ್ಟಿಯಾಗಿದ್ದವು. ಪೂಜೆ ಬೇಡವೆಂದು ನಾನು ಹೇಳುವುದಿಲ್ಲ, ಆದರೆ ಒದ್ದೆ ಕುಂಕುಮವನ್ನು ಒರೆಸದೆ ಬಿಟ್ಟರೆ ಅದರಡಿಯಲ್ಲಿ ತುಕ್ಕು ಹಿಡಿಯುತ್ತದೆ ಎಂಬುದು ತಿಳಿದಿರಲಿ. ತೆಳುವಾದ ಎಣ್ಣೆ ಹಾಕಿ, ಒಂದು ರಾತ್ರಿ ಬಿಟ್ಟು, ಹತ್ತಿಯಿಂದಲೂ ಮೆತ್ತನೆಯ ಬ್ರಷ್‌ನಿಂದಲೂ ತೆಗೆದೆವು. ಉಪ್ಪುಕಾಗದ, ಹುಣಸೆಹಣ್ಣು, ಪಾಲಿಷ್ ಚಕ್ರ, ಇವು ಯಾವುವೂ ಹತ್ತಿರ ಬರಬಾರದು. ಅವು ತುಕ್ಕಿನೊಂದಿಗೆ ಗುರುತನ್ನೂ ಅಳಿಸುತ್ತವೆ, ಅಳಿದ ಗುರುತು ಮತ್ತೆ ಬರುವುದಿಲ್ಲ. ಬಳಿಕ ಟಾರ್ಚನ್ನು ಓರೆಯಾಗಿ ಹಿಡಿದು, ಭೂತಗನ್ನಡಿಯಲ್ಲಿ ನೋಡುತ್ತಾ, ಕಂಡ ಪ್ರತಿಯೊಂದು ಮುದ್ರೆಯನ್ನೂ ಫೋಟೊ ತೆಗೆದುಕೊಂಡೆ.

ನಳಿಗೆಯ ಮೇಲೆ ಕಲ್ಕತ್ತದ ವ್ಯಾಪಾರಿಯ ಹೆಸರು ಕಂಡಿತು. ಮ್ಯಾಂಟನ್, ರಾಡ್ಡಾ ಮೊದಲಾದ ಕಲ್ಕತ್ತದ ಅಂಗಡಿಗಳು ತಾವು ಮಾರಿದ ಬಂದೂಕುಗಳ ಮೇಲೆ ತಮ್ಮ ಹೆಸರನ್ನೇ ಕೆತ್ತಿಸುತ್ತಿದ್ದವು. ಆದ್ದರಿಂದ ಕೆತ್ತಿದ ಹೆಸರು ಮಾರಿದವರದು, ಮಾಡಿದವರದಲ್ಲ. ತಯಾರಿಯ ಊರನ್ನು ಹೇಳುವುದು ಪರೀಕ್ಷಾ ಮುದ್ರೆ, ಅಂದರೆ ಗುಂಡು ಹಾರಿಸಿ ಬಂದೂಕಿನ ಬಲ ಪರೀಕ್ಷಿಸಿದ ಮೇಲೆ ಒತ್ತುವ ಗುರುತು. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯ 1813ರಲ್ಲಿ ಸ್ಥಾಪನೆಯಾದದ್ದು. 1904ರ ನಂತರ ಅಲ್ಲಿ ಪರೀಕ್ಷೆಯಾದ ನಳಿಗೆಗಳ ಮೇಲೆ ಕಿರೀಟದಡಿಯಲ್ಲಿ ಬಿಪಿ, ಬಿವಿ, ಎನ್‌ಪಿ ಅಕ್ಷರಗಳಿರುತ್ತವೆ, ಅದಕ್ಕೂ ಹಳೆಯವುಗಳ ಮೇಲೆ ಕಿರೀಟದೊಂದಿಗೆ ಅಡ್ಡಡ್ಡ ಇಟ್ಟ ರಾಜದಂಡಗಳಿರುತ್ತವೆ. ನಮ್ಮದರಲ್ಲಿ ಇವು ಯಾವುವೂ ಇರಲಿಲ್ಲ. ಸಿಲಿಂಡರಿನ ಮೇಲೆ ಅಂಡಾಕಾರದ ಚೌಕಟ್ಟಿನಲ್ಲಿ ಇಎಲ್‌ಜಿ ಎಂಬ ಅಕ್ಷರಗಳು, ಅದರ ತಲೆಯ ಮೇಲೆ ಕಿರೀಟ, ಪಕ್ಕದಲ್ಲಿ ಅಕ್ಷರವೊಂದರ ಮೇಲೆ ನಕ್ಷತ್ರ ಇದ್ದವು. ಇದು ಬೆಲ್ಜಿಯಂನ ಲಿಯೇಜ್ ನಗರದ ಮುದ್ರೆ. ಅಂಡಾಕಾರದ ಮೇಲೆ ಕಿರೀಟ ಸೇರಿದ್ದು 1893ರಲ್ಲಿ, ನಕ್ಷತ್ರದ ಅಕ್ಷರ ಪರೀಕ್ಷಕರ ಗುರುತು. ಹೀಗಾಗಿ ನಮ್ಮ ಮನೆಯಲ್ಲಿ ‘ವೆಬ್ಲಿ’ ಎಂದೇ ಹೆಸರಾಗಿದ್ದದ್ದು ಬರ್ಮಿಂಗ್‌ಹ್ಯಾಮಿನ ವೆಬ್ಲಿಯವರು 1872ರಲ್ಲಿ ಹೊರತಂದ ‘ಬುಲ್‌ಡಾಗ್’ ಮಾದರಿಯನ್ನು ನೋಡಿ ಲಿಯೇಜಿನಲ್ಲಿ 1893ರ ನಂತರ ಮಾಡಿದ ಪ್ರತಿ. ಇದರಿಂದ ನನಗೆ ಬೇಸರವಾಗಲಿಲ್ಲ. ಮನೆಮನೆಯ ಕುಶಲಕರ್ಮಿಗಳು ಅರದಲ್ಲಿ ತಿದ್ದಿ ತಿದ್ದಿ ಕೂಡಿಸಿದ ಕೆಲಸ ಅದು, ಒಳಭಾಗವನ್ನು ಬಿಚ್ಚಿದಾಗ ಅರದ ಗೆರೆಗಳು ಇನ್ನೂ ಕಾಣುತ್ತಿದ್ದವು.

ಅಳತೆಯ ಪ್ರಶ್ನೆಗೆ ಉತ್ತರ ಕೊಟ್ಟದ್ದು ವರ್ನಿಯರ್ ಕ್ಯಾಲಿಪರ್. .320 ಇಂಚು ಎಂದರೆ 8.13 ಮಿಲಿಮೀಟರ್, .380 ಎಂದರೆ 9.65. ತೋಟಾ ಕೂರುವ ಕೊಠಡಿಗಳ ಬಾಯಿಯನ್ನು ವ್ಯಾಪಾರಿ ಅಳೆದಾಗ 8.2ರ ಆಸುಪಾಸಿನಲ್ಲಿ ಬಂದಿತು. ಅನುಮಾನಕ್ಕೆ ಎಡೆ ಉಳಿಯಲಿಲ್ಲ. ಅವರು ಬರೆದುಕೊಟ್ಟ ಪರಿಶೀಲನಾ ಪತ್ರವನ್ನೂ, ಇತರ ವಾರಸುದಾರರ ಒಪ್ಪಿಗೆ ಪತ್ರಗಳನ್ನೂ ಲಗತ್ತಿಸಿ, 2016ರ ಶಸ್ತ್ರಾಸ್ತ್ರ ನಿಯಮಗಳ 25ನೇ ನಿಯಮದಡಿ ವಾರಸುದಾರನಾಗಿ ಅರ್ಜಿ ಹಾಕಿದೆ. ದೊಡ್ಡಪ್ಪನ ಮಗನ ಬಳಿ ಅಡಿಕೆ ತೋಟದ ಕಾವಲಿಗೆಂದು ಈಗಾಗಲೇ ಎರಡು ಬಂದೂಕುಗಳಿದ್ದವು. 2019ರ ತಿದ್ದುಪಡಿಯ ನಂತರ ಒಬ್ಬರು ಎರಡಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲವಾದ್ದರಿಂದ ಅವನು ತಾನಾಗಿಯೇ ಹಿಂದೆ ಸರಿದ.

ಇನ್ನು ಬಿಡಿಭಾಗಗಳು. ಮುಖ್ಯ ಸ್ಪ್ರಿಂಗ್ ಬಾಗಿನಲ್ಲಿ ಮುರಿದಿತ್ತು, ಹಿಡಿಕೆಯ ಒಂದು ಮರದ ಪಟ್ಟಿಯೂ ಅದರ ತಿರುಪೂ ಇರಲಿಲ್ಲ, ಸಿಲಿಂಡರಿನ ನಡುವಿನ ಟೊಳ್ಳು ಅಚ್ಚಿನೊಳಗೆ ಇರಬೇಕಾದ, ಖಾಲಿ ತೋಟಾ ತಳ್ಳುವ ಕಡ್ಡಿಯೂ ಕಳೆದಿತ್ತು. ವಿದೇಶದ ಮಾರಾಟಗಾರರಿಂದ ಅಂಚೆಯಲ್ಲಿ ತರಿಸಿದರಾಯಿತು ಎಂದು ಯಾರೂ ಯೋಚಿಸಬಾರದು. ಕಾಯ್ದೆಯಲ್ಲಿ ‘ಆಯುಧ’ ಎಂದರೆ ಅದರ ಭಾಗಗಳೂ ಸೇರುತ್ತವೆ, ಆಮದಿಗೆ 10ನೇ ಸೆಕ್ಷನ್ ಪ್ರಕಾರ ಬೇರೆ ಪರವಾನಗಿ ಬೇಕು. ಹಾಗೆಯೇ 5ನೇ ಸೆಕ್ಷನ್ ಪ್ರಕಾರ ದುರಸ್ತಿಯನ್ನೂ ಪರವಾನಗಿ ಇದ್ದವರೇ ಮಾಡಬೇಕು. ಪರಿಚಯದ ಲೇತ್ ಅಂಗಡಿಗೆ ಒಯ್ಯುವುದು ಆ ಅಂಗಡಿಯವರನ್ನೂ ಅಪರಾಧಕ್ಕೆ ಎಳೆದಂತೆ. ಅಲ್ಲದೆ ಲಿಯೇಜಿನ ಈ ಕೈಕೆಲಸದ ಪ್ರತಿಗಳಲ್ಲಿ ಒಂದರ ಭಾಗ ಇನ್ನೊಂದಕ್ಕೆ ನೇರವಾಗಿ ಕೂರುವುದಿಲ್ಲ, ಪ್ರತಿಯೊಂದನ್ನೂ ಅದರದರ ಜಾಗಕ್ಕೆ ತಿದ್ದಿ ಕೂರಿಸಿರುತ್ತಾರೆ. ಆದ್ದರಿಂದ ವ್ಯಾಪಾರಿಯ ಬಳಿಯಿದ್ದ ಹಳೆಯ ದಾಸ್ತಾನಿನಿಂದ ಒಂದು ಕಡ್ಡಿಯನ್ನು ಆರಿಸಿ, ಅವರ ರಿಪೇರಿ ಕೆಲಸಗಾರರು ಅದನ್ನು ಅರದಲ್ಲಿ ತಿದ್ದಿ ಹೊಂದಿಸಿದರು. ತಿರುಪಿನ ಎಳೆ ಇಂದಿನ ಮೆಟ್ರಿಕ್ ಎಳೆಗೆ ಸೇರದೆ ಹೋದದ್ದರಿಂದ ಅದನ್ನೂ ಅವರೇ ಕಡೆದುಕೊಟ್ಟರು. ಮರದ ಪಟ್ಟಿಗೆ ಮಾತ್ರ ನಮ್ಮ ಮನೆಯದೇ ವಸ್ತು ಸಿಕ್ಕಿತು. ಹಳೆಯ ಬೀಟೆ ಮರದ ಮಂಚದ ಮುರಿದ ಕಾಲೊಂದನ್ನು ಕೊಟ್ಟೆ. ಉಳಿದ ಪಟ್ಟಿಯ ರೂಪವನ್ನು ಕಾಗದದ ಮೇಲೆ ಗೆರೆ ಎಳೆದು, ಅದನ್ನು ಮಗುಚಿ, ಎದುರು ಪಟ್ಟಿಯನ್ನು ಕೆತ್ತಿದರು.

ಮುಖ್ಯ ಸ್ಪ್ರಿಂಗನ್ನು ಹಾಕಿಸಬಾರದೆಂದು ನಾನೇ ತೀರ್ಮಾನಿಸಿದೆ. ಹೊಸದನ್ನು ಬಡಿದು ಹದ ಮಾಡಿಕೊಡಲು ಅವರು ಸಿದ್ಧರಿದ್ದರು. ಆದರೆ .320 ಕರಿಮದ್ದಿನ ಕಾಲದ ತೋಟಾ. ಇಂದು ನಮ್ಮ ದೇಶದಲ್ಲಿ .32 ರಿವಾಲ್ವರಿಗೆಂದು ಸಿಗುವ ತೋಟಾ ಬೇರೆಯದು, ಉದ್ದವಾದದ್ದು, ಹೆಚ್ಚು ಒತ್ತಡ ಹುಟ್ಟಿಸುವ ಹೊಗೆರಹಿತ ಮದ್ದಿನದು. ಮುಂದೊಂದು ದಿನ ಅಂಕಿ ಒಂದೇ ಎಂದು ಯಾರಾದರೂ ಅದನ್ನು ತುರುಕಲು ಹೋದರೆ ಈ ಹಳೆಯ ಉಕ್ಕು ತಡೆಯುವ ಭರವಸೆಯಿಲ್ಲ. ಮುರಿದ ಎರಡು ತುಂಡುಗಳನ್ನು ಎಣ್ಣೆ ಕಾಗದದಲ್ಲಿ ಸುತ್ತಿ, ಅವು ಯಾವ ಜಾಗದವು ಎಂದು ಬರೆದು ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಸ್ಪ್ರಿಂಗ್ ಇಲ್ಲದ ಮಾತ್ರಕ್ಕೆ ಪರವಾನಗಿಯ ಅಗತ್ಯ ತಪ್ಪುವುದಿಲ್ಲ; ಹೊಸ ಪರವಾನಗಿಯಲ್ಲಿ ಅದು ‘ಬೆಲ್ಜಿಯಂ, .320’ ಎಂದೇ ನಮೂದಾಗಿದೆ. ತೋಟಾ ತುಂಬುವ ಕಡೆಯ ಚಿಕ್ಕ ಮುಚ್ಚಳದ ಸ್ಪ್ರಿಂಗ್ ಸಡಿಲವಾಗಿರುವುದರಿಂದ, ಹಳೆಯ ದಾಸ್ತಾನಿನಲ್ಲಿ ಹೊಂದುವಂಥದ್ದು ಬಂದರೆ ತಿಳಿಸಲು ಅದರ ಅಳತೆಯನ್ನು ವ್ಯಾಪಾರಿಯ ಬಳಿ ಬಿಟ್ಟು ಬಂದಿದ್ದೇನೆ.