ಹಳೆ ಲ್ಯಾಪ್‌ಟಾಪಿಗೆ ಹೊಸ ಓಎಸ್: ಡಿ ಡ್ರೈವ್ ನಂಬಿ ಕೂರಬೇಡಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ (ಸುರಕ್ಷತಾ ಅಪ್‌ಡೇಟ್) ಮುಗಿಯಿತು. ಅಲ್ಲಿಂದ ಉಡುಪಿಯ ನಮ್ಮ ಮನೆ ಜಗಲಿಗೆ ನೆಂಟರ ಲ್ಯಾಪ್‌ಟಾಪ್‌ಗಳು ಬರುತ್ತಲೇ ಇವೆ. ಹೆಚ್ಚಿನವು ಇಂಟೆಲ್‌ನ 8ನೇ ತಲೆಮಾರಿಗಿಂತ ಹಿಂದಿನ ಪ್ರೊಸೆಸರ್‌ನವು, ವಿಂಡೋಸ್ 11 ಅವನ್ನು ಒಪ್ಪುವುದಿಲ್ಲ. ಆ ತಪಾಸಣೆ ತಪ್ಪಿಸಿ ಹಾಕುವ ಉಪಾಯ ಇದೆ, ಆದರೆ ನಾನು ಹಾಕಿಕೊಡುವುದಿಲ್ಲ. 4 ಜಿಬಿ ರ್‍ಯಾಮಿನಲ್ಲಿ ಅದು ತೆವಳುತ್ತದೆ ಮಾರಾಯ್ರೇ. ಸುಮ್ನೆ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಉಚಿತ ಓಎಸ್ (ಕಂಪ್ಯೂಟರ್ ನಡೆಸುವ ಮೂಲ ತಂತ್ರಾಂಶ) ಹಾಕಿ, ಅದರಲ್ಲೂ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಲೆಕ್ಕ ಬರೆಯುವ ಟ್ಯಾಲಿ ತಂತ್ರಾಂಶ ಬೇಕೇ ಬೇಕು ಎನ್ನುವ ಅಂಗಡಿಯವರಿಗೆ ಮಾತ್ರ ಇದು ಆಗಲಿಕ್ಕಿಲ್ಲ.

ಮಿಂಟ್‌ನ ಐಎಸ್‌ಒ ಫೈಲ್ (ಇಡೀ ಓಎಸ್ ಇರುವ ಒಂದೇ ಫೈಲ್) ಇಳಿಸಿ, 8 ಜಿಬಿ ಪೆನ್‌ಡ್ರೈವ್‌ಗೆ ರೂಫಸ್ ಎಂಬ ತಂತ್ರಾಂಶದಿಂದ ಬರೆಯಿರಿ. ಇದು ಸುಲಭ.

ಎಡವುವುದು ಬ್ಯಾಕಪ್‌ನಲ್ಲಿ. ಕಳೆದ ಮಳೆಗಾಲದಲ್ಲಿ ನನ್ನ ಭಾವ, "ಫೋಟೋ ಎಲ್ಲ ಡಿ ಡ್ರೈವ್‌ನಲ್ಲಿ ಉಂಟು, ಏನೂ ಆಗುವುದಿಲ್ಲ" ಎಂದು ತಾವೇ ಕೂತು ಮಿಂಟ್ ಇನ್‌ಸ್ಟಾಲ್ ಮಾಡುವಾಗ 'ಇರೇಸ್ ಡಿಸ್ಕ್' (ಡಿಸ್ಕ್ ಪೂರ್ತಿ ಅಳಿಸು) ಒತ್ತಿದರು. ಮಗಳ ಮೊದಲ ಯಕ್ಷಗಾನ ವೇಷದ ವಿಡಿಯೋ ಹೋಯಿತು. ಹಳೆ ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಡಿಸ್ಕ್. ಸಿ, ಡಿ ಎಂದರೆ ಒಂದೇ ಗದ್ದೆಗೆ ನಡುವೆ ಹುಣಿ ಹಾಕಿದ ಹಾಗೆ. ಆ ಬಟನ್ ಹುಣಿ ಸಮೇತ ಉಳುತ್ತದೆ.

ಹಾಗಾಗಿ ಎಲ್ಲವನ್ನೂ ಹೊರಗಿನ ಹಾರ್ಡ್ ಡಿಸ್ಕ್‌ಗೆ ಹಾಕಿ. ಕಡಿಮೆ ರೇಟಿನ, ಹೆಸರಿಲ್ಲದ '2 ಟಿಬಿ' ಪೆನ್‌ಡ್ರೈವ್ ಬೇಡವೇ ಬೇಡ. ಕಾಪಿ ಆಯಿತು ಎಂದು ತೋರಿಸುತ್ತದೆ, ಆಮೇಲೆ ನೋಡಿದರೆ ಫೈಲ್ ತೆರೆಯುವುದೇ ಇಲ್ಲ. ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಚುಚ್ಚಿ, ನಾಲ್ಕು ಫೋಟೋ, ಒಂದು ವಿಡಿಯೋ ತೆರೆದು ನೋಡಿ. ನುಡಿ, ಬರಹ ತಂತ್ರಾಂಶಗಳ ಹಳೆ ಫಾಂಟಿನಲ್ಲಿ ಟೈಪ್ ಮಾಡಿದ ಸಂಘದ ವರದಿ, ಆಮಂತ್ರಣ ಇದ್ದರೆ ಆ ಫಾಂಟ್ ಫೈಲನ್ನೂ ಒಯ್ಯಿರಿ, ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನು ಬ್ಯಾಕಪ್ ಮಾಡಲು ಜಾಸ್ತಿ ಜನ ಮರೆಯುತ್ತಾರೆ. ಎಲ್ಲ ಆದ ಮೇಲೆ ಆ ಡಿಸ್ಕ್ ಕಿತ್ತು ಕಪಾಟಿನಲ್ಲಿಡಿ. ಲ್ಯಾಪ್‌ಟಾಪಿಗೆ ಚುಚ್ಚಿಯೇ ಇದ್ದರೆ ಅವಸರದಲ್ಲಿ ಅದನ್ನೇ ಆರಿಸಿ ಅಳಿಸಿದವರೂ ಇದ್ದಾರೆ.

ಇನ್ನು ಪೆನ್‌ಡ್ರೈವ್ ಹಾಕಿ ಆನ್ ಮಾಡಿ. ಡೆಲ್, ಲೆನೊವೊದಲ್ಲಿ ಹೆಚ್ಚಾಗಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಿದರೆ ಬೂಟ್ ಮೆನು (ಯಾವುದರಿಂದ ಶುರು ಮಾಡಬೇಕು ಎಂಬ ಪಟ್ಟಿ) ಬರುತ್ತದೆ, ಪೆನ್‌ಡ್ರೈವ್ ಆರಿಸಿ. ಇನ್‌ಸ್ಟಾಲ್ ಮಾಡದೆಯೇ ಮಿಂಟ್ ತೆರೆಯುತ್ತದೆ, ಅಲ್ಲೇ ವೈಫೈ, ಸೌಂಡ್, ಕ್ಯಾಮೆರಾ ಪರೀಕ್ಷಿಸಿ. ಸರಿ ಇದ್ದರೆ ಇನ್‌ಸ್ಟಾಲ್ ಒತ್ತಿ. ವಿಂಡೋಸ್‌ನಲ್ಲಿ 465 ಜಿಬಿ ಎಂದಿದ್ದ ಡಿಸ್ಕ್ ಇಲ್ಲಿ 500 ಎಂದು ಕಾಣುತ್ತದೆ, ಹೆದರಬೇಡಿ, ಲೆಕ್ಕದ ವ್ಯತ್ಯಾಸ ಅಷ್ಟೆ. ಬ್ಯಾಟರಿ ಸತ್ತಿದ್ದರೆ ಇದನ್ನು ಬೆಳಿಗ್ಗೆಯೇ ಮಾಡಿ. ನಮ್ಮೂರಲ್ಲಿ ಸಂಜೆ ಗುಡುಗು ಶುರುವಾದರೆ ಕರೆಂಟ್ ಇರುತ್ತದೆ ಎಂದು ಹೇಳುವವರು ಯಾರು?

ದುಡ್ಡು ಸ್ವಲ್ಪ ಇದ್ದರೆ ನನ್ನ ಮಾತು ಕೇಳಿ: ಹಳೆ ಹಾರ್ಡ್ ಡಿಸ್ಕ್ ಬಿಚ್ಚಿಸಿ, 256 ಜಿಬಿಯ ಎಸ್‌ಎಸ್‌ಡಿ (ವೇಗದ ಹೊಸ ಬಗೆಯ ಡಿಸ್ಕ್) ಕೂರಿಸಿ ಅದಕ್ಕೇ ಮಿಂಟ್ ಹಾಕಿ. ಲ್ಯಾಪ್‌ಟಾಪ್ ಓಡುತ್ತದೆ, ಹಳೆ ಡಿಸ್ಕಿನಲ್ಲಿ ಡಿ ಡ್ರೈವ್ ಇದ್ದ ಹಾಗೇ ಇರುತ್ತದೆ. ಭಾವ ಈಗ ಇದನ್ನೇ ಊರಿಗೆಲ್ಲ ಹೇಳುತ್ತಿದ್ದಾರೆ.